ಗ್ರಹಣದ ಕುಣಿ

ಕೊಂಕಲ್ ಊರಿನ ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ರೊಟ್ಟಿ ಬಡಿಯುವ ಸಪ್ಪಳದಿಂದ. ಸುಮಂಗಲಾ ಒಲೆಯ ಮುಂದೆ ಕೂತರೆ, ಐದು ವರ್ಷದ ಮಗಳು ಉಮಾಶ್ರೀ ಕಂಬಕ್ಕೆ ಒರಗಿ, ಸೊಂಟಕ್ಕೆ ಸುತ್ತಿದ ಹಳೆಯ ಸೀರೆಯ ಆಸರೆಯಲ್ಲಿ ಕೂತು, ಆ ತಾಳಕ್ಕೆ ತಲೆಯಾಡಿಸುತ್ತಿದ್ದಳು. ಹುಟ್ಟುವಾಗ ತಡವಾಗಿ ಅತ್ತ ಕೂಸು. ಕಾಲಿಗೆ ಬಲ ಬಂದಿರಲಿಲ್ಲ, ಮಾತು ಅರ್ಧಮರ್ಧ. ನಗು ಮಾತ್ರ ಪೂರಾ.

“ರೊಟ್ಟಿ ಹರದ್ರ ನಗ್ತಾಳ ನೋಡು ನಿನ್ನ ಮಗಳು. ನಾಳಿ ಅವ್ವಗಿಂತ ಛಲೋ ಬಡೀತಾಳ,” ಎಂದು ಅತ್ತೆ ಬಸ್ಸಮ್ಮ ಸೊಸೆಯನ್ನು ಕಿಚಾಯಿಸುತ್ತ ಮೊಮ್ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಪ್ರೀತಿಗೆ ಆ ಮನೆಯಲ್ಲಿ ಕೊರತೆಯಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ನಡೆದದ್ದು ದ್ವೇಷದಿಂದ ನಡೆದದ್ದಲ್ಲ.

ಸಂಜೆ ಕರೆಂಟು ಹೋದಾಗ ತಾಯಿ ಮಗಳನ್ನೆತ್ತಿಕೊಂಡು ಮಾಳಿಗೆ ಏರುವಳು. ತವರೂರು ಅಬ್ಬೆತುಮಕೂರಿನ ಅಜ್ಜಿ ಹೇಳಿದ್ದ ಕಥೆಯನ್ನೇ ಹೇಳುವಳು: ಮುಗಿಲಲ್ಲಿ ಒಬ್ಬ ಮುದುಕಿ ಒಲೆ ಊದುತ್ತಾಳೆ, ಹಾರಿದ ಕಿಡಿಗಳೆಲ್ಲ ಚುಕ್ಕಿಗಳಾಗುತ್ತವೆ. ಎದುರುಮನೆಯಲ್ಲಿ ಬಾಡಿಗೆಗಿದ್ದ ವಿಜ್ಞಾನದ ಟೀಚರ್ ಹಬೀಬಾ ಒಮ್ಮೆ ಅದನ್ನು ಕೇಳಿಸಿಕೊಂಡು ತನ್ನ ಮಾಳಿಗೆಯಿಂದಲೇ ನಕ್ಕಿದ್ದಳು.

“ಕಿಡಿ ಅಲ್ಲವ್ವಾ, ಒಂದೊಂದೂ ಒಂದೊಂದು ಸೂರ್ಯ. ನಮ್ಮ ಸೂರ್ಯನೂ ಚುಕ್ಕಿನೇ, ಸಮೀಪದ್ದು ಅಷ್ಟೇ. ಅಂವನ ಬೆಳಕು ನಮ್ಮ ಅಂಗಳ ಮುಟ್ಟಾಕ ಎಂಟು ನಿಮಿಷದ ಮ್ಯಾಲ ಬೇಕು. ಆ ಚುಕ್ಕಿಗೋಳದಾಗ ಕೆಲವುದರ ಬೆಳಕು ಸುರಪುರದಾಗ ರಾಜರು ಆಳುವಾಗ ಹೊಂಟದ್ದು, ಈಗ ನಿನ್ನ ಮಗಳ ಕಣ್ಣಿಗಿ ಬಂದು ಮುಟ್ಟ್ಯಾದ.”

ಸುಮಂಗಲಾಗೆ ಅಜ್ಜಿಯ ಕಥೆಗಿಂತ ಇದೇ ದೊಡ್ಡ ಕಥೆ ಅನ್ನಿಸಿತ್ತು.

ಡಿಸೆಂಬರಿನಲ್ಲಿ ಸೂರ್ಯಗ್ರಹಣ ಬರುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ಬಸ್ಸಮ್ಮ ಹಿತ್ತಲ ಬೇವಿನ ಮರದಡಿ ಕುಣಿ ತೋಡಿಸಿದಳು. ಗ್ರಹಣ ಹಿಡಿದು ಬಿಡುವ ತನಕ ನಡೆಯಲಾಗದ ಕೂಸನ್ನು ಕುತ್ತಿಗೆಮಟ ಮಣ್ಣಲ್ಲಿ ಹೂಳಿದರೆ ಕಾಲಿಗೆ ಬಲ ಬರುತ್ತದೆಂಬುದು ಆ ಸೀಮೆಯ ಕೆಲವರ ನಂಬಿಕೆ.

ಹಬೀಬಾ ಓಡಿಬಂದಳು. ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿ ಉರಿಯುವ ಬಲ್ಬಿಗೆ ಅಡ್ಡ ಹಿಡಿದಳು.

“ಬಸ್ಸಮ್ಮತ್ತಿ, ನಿಮ್ಮ ಮಾರಿ ಮ್ಯಾಲ ನೆರಳು ಬಿತ್ತಲ್ಲ, ಬಲ್ಬಿಗೇನಾತು?”

“ಏನಾಗ್ತದ? ಉರ್ಯಾಕತ್ತದ.”

“ಚಂದ್ರಾಮನೂ ಹಿಂಗೇ ಅಡ್ಡ ಬರ್ತಾನ. ಬೀಳೂದು ಬರೇ ನೆರಳು. ನೆರಳು ಕಾಲಿಗಿ ಬಲ ಹೆಂಗ ಕೊಡ್ತದ್ರಿ?”

“ರೊಟ್ಟಿ ತಿನ್ನಾಕ ಮಾಡ್ಯಾಳ, ಆಟ ಆಡಾಕಲ್ಲ. ಕೆಳಗಿಡು! ನಿನ್ನ ಪಾಠ ಸಾಲ್ಯಾಗ. ನಮ್ಮ ತಂಗಿ ಮಗ ಹಿಂಗ ಇಟ್ಟ ಮ್ಯಾಲೇ ಎದ್ದು ನಿಂತಾನ.”

“ಯಾವಾಗ ನಿಂತಾನ್ರಿ?”

“ಇಟ್ಟ ಎರಡು ವರ್ಷಕ್ಕ.”

“ಅಂವ ಬೆಳದಾನ, ಅದಕ್ಕ ನಿಂತಾನ.”

“ಹೌದವ್ವಾ, ಎಲ್ಲಾ ನಿನಗೇ ಗೊತ್ತು. ಹಡದಾಕಿ ಆಕಿ, ಆಡಿಸಿದಾಕಿ ನಾನು, ತಿಳದಾಕಿ ನೀನು!”

ಗಂಡ ನೀಲಕಂಠ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. “ಮೂರು ತಾಸಿನ ಮಾತು, ಟೀಚರ್. ಆದ್ರ ಆತು, ಇಲ್ಲಂದ್ರ ಇಲ್ಲ. ನಮ್ಮದು ಹೋಗೂದೇನದ?”

ಸುಮಂಗಲಾ ಹಬೀಬಾಳನ್ನು ಹೊರಗೆ ಕರೆದೊಯ್ದಳು. “ಖರೇ ಹೇಳ್ರಿ. ಡಾಕ್ಟರ್ ಕಡಿ ಹೋದ್ರ ಈಕಿ ನಡೀತಾಳೇನು?”

ಹಬೀಬಾಗೆ ಸುಳ್ಳು ಹೇಳಲು ಬರಲಿಲ್ಲ. “ವರ್ಷಗಟ್ಟಲೆ ವ್ಯಾಯಾಮ ಮಾಡಿಸಬೇಕು. ನಡೀತಾಳಂತ ನಾ ಹೆಂಗ ಹೇಳ್ಲಿ, ಸುಮಂಗಲಾ?”

ಅತ್ತೆಯಾದರೋ ನಡೆಯುತ್ತಾಳೆಂದೇ ಹೇಳಿದ್ದಳು. ಚುಕ್ಕಿಗಳೆಲ್ಲ ಸೂರ್ಯರೆಂದು ತಿಳಿದ ಮೇಲೂ ತಾಯಿಯ ಮನಸ್ಸು ಆ ಕಡೆಗೇ ವಾಲಿತು.

ಗ್ರಹಣದ ಬೆಳಗ್ಗೆ ಕೂಸಿಗೆ ನೆಗಡಿ, ಮೈ ಬಿಸಿ. “ಇವತ್ತು ಬ್ಯಾಡ, ಅತ್ತಿ,” ಎಂದಳು ಸುಮಂಗಲಾ. “ಗ್ರಹಣ ನಮ್ಮ ಸಲುವಾಗಿ ತಡೀತದೇನು?” ಎಂದಳು ಬಸ್ಸಮ್ಮ. ಇಬ್ಬನಿ ಕುಡಿದ ಕರಿಮಣ್ಣು ತಣ್ಣಗೆ ಕೊರೆಯುತ್ತಿತ್ತು. ನೀಲಕಂಠ ಮಗಳನ್ನು ಕುಣಿಯಲ್ಲಿ ನಿಲ್ಲಿಸಿ ಹಿಡಿದ. ಹುಟ್ಟಿದಂದಿನಿಂದ ಅವಳು ನೆಟ್ಟಗೆ ನಿಂತದ್ದು ಅದೇ ಮೊದಲು. ಸುಮಂಗಲಾ ತನ್ನ ಕೈಯಾರೆ ಮಣ್ಣೆಳೆದಳು.

ಬಿಸಿಲು ಬರಬರುತ್ತ ಮಂಕಾಯಿತು. ಆಗ ಬೇವಿನೆಲೆಗಳ ಸಂದಿನಿಂದ ಬಿದ್ದ ಬೆಳಕಿನ ಬೊಟ್ಟುಗಳೆಲ್ಲ ಬಾಗಿದ ಕುಡುಗೋಲಿನಂತಾದವು. ಒಂದೊಂದು ಸಂದೂ ಅರ್ಧ ಮುಚ್ಚಿದ ಸೂರ್ಯನ ಚಿತ್ರವನ್ನು ನೆಲಕ್ಕೆ ಬಿಡಿಸುತ್ತಿತ್ತು. ನೂರಾರು ಪುಟ್ಟ ಸೂರ್ಯರು ಮಣ್ಣ ಮೇಲೆ, ಉಮಾಶ್ರೀಯ ಕೆನ್ನೆಯ ಮೇಲೆ ಅಲುಗಾಡಿದರು.

“ಅವ್ವಾ... ಚುಕ್ಕಿ!” ಕೂಸು ನಕ್ಕಿತು. ಹಿಡಿಯಬೇಕೆಂದು ಹೆಗಲು ಕೊಡವಿತು. ಕೈಗಳು ಮಣ್ಣೊಳಗಿದ್ದವು. ಮೇಲಿನ ಮಣ್ಣು ಒಂದಿಷ್ಟು ಬಿರಿಯಿತು, ಅಷ್ಟೇ.

ಆಮೇಲೆ ಕೆಮ್ಮು ಶುರುವಾಯಿತು. ಕೆಮ್ಮಿದಾಗ ಎದೆ ಹಿಗ್ಗಲು ಜಾಗವಿರಲಿಲ್ಲ. ತುಟಿ ನೀಲಿಗಟ್ಟಿದ್ದು ಕಂಡು ಸುಮಂಗಲಾ ಉಗುರು ಕೀಳುವಂತೆ ಮಣ್ಣು ಬಗೆಯತೊಡಗಿದಳು.

“ಗ್ರಹಣ ಇನ್ನ ಬಿಟ್ಟಿಲ್ಲ! ಅರ್ಧಕ್ಕ ತೆಗೀಬ್ಯಾಡ!” ಬಸ್ಸಮ್ಮ ಚೀರಿದಳು. ನೀಲಕಂಠ ತಾಯಿಯ ಮುಖ ನೋಡಿದ, ಮಗಳ ಮುಖ ನೋಡಿದ, ಆಮೇಲೆ ಕುಣಿಗೆ ಕೈ ಹಾಕಿದ.

ಯಾದಗಿರಿಯ ದವಾಖಾನೆಯಲ್ಲಿ ಪುಪ್ಪುಸಕ್ಕೆ ಕಫ ಇಳಿದಿದೆ ಎಂದರು. ವಾರ ತುಂಬುವ ಮೊದಲೇ ಆ ಕೂಸನ್ನು ಎರಡನೆಯ ಸಲ ಮಣ್ಣಿಗಿಟ್ಟರು.

ಮಾತಾಡಿಸಲು ಬಂದವರ ಮುಂದೆ ಬಸ್ಸಮ್ಮ ಅಳುತ್ತಳುತ್ತ ಒಂದೇ ಮಾತು ಹೇಳುತ್ತಿದ್ದಳು: “ಗ್ರಹಣ ಪೂರಾ ಬಿಡೂತನಕ ಇಡಲಿಲ್ಲವ್ವಾ. ಅರ್ಧಕ್ಕ ತೆಗದ್ಲು.” ನೆರೆಮನೆಯ ಯಂಕಣ್ಣ ತಲೆಯಾಡಿಸಿದ. ಅವನ ಮಗ ಬಸುವಿನದೂ ಸೋತ ಕಾಲು. “ಮುಂದಿನ ಗ್ರಹಣ ದೂರಿಲ್ಲಂತ. ನಾವು ನಮ್ಮ ಹುಡುಗನ್ನ ಪೂರಾ ಇಡ್ತೀವಿ.”

ಸುಮಂಗಲಾ ಒಳಗಿನಿಂದ ಎದ್ದು ಬಂದಳು.

“ಯಂಕಣ್ಣಾ, ನನ್ನ ಮಗಳು ತಾಸು ಕಡಿಮಿ ಬಿದ್ದು ಸತ್ತಿಲ್ಲ. ಸೂರ್ಯಾ ಕೊಂದಿಲ್ಲ, ಚಂದ್ರಾಮ ಕೊಂದಿಲ್ಲ. ಅವು ತಮ್ಮ ಹಾದಿ ಹಿಡದು ಹೊಂಟಿದ್ದವು. ಮಣ್ಣು ಎಳದಾಕಿ ನಾನು.”

ಬಸ್ಸಮ್ಮ ಸೆರಗನ್ನು ಬಾಯಿಗೊತ್ತಿದಳು. “ನಡೀಲಿ ಅಂತ ಮಾಡೀನವ್ವಾ ನಾ...”

“ನಾನೂ ಅದಕ್ಕೇ ಮಾಡೀನಿ, ಅತ್ತಿ.”

ಯಂಕಣ್ಣನ ದನಿ ಇಳಿದಿತ್ತು. “ಹಂಗಾದ್ರ ನನ್ನ ಮಗ ನಡೆಯೂದು ಹೆಂಗ, ತಂಗಿ?”

“ನಡೀದಿದ್ರ ಬಿಡು, ಯಂಕಣ್ಣಾ. ಕುಂತಲ್ಲೇ ಕುಂದ್ರಲಿ,” ಎಂದಳು ಸುಮಂಗಲಾ. “ಕುಂದ್ರಾಕರೆ ಜೀವ ಇರ್ಲಿ.”