ಎರಡು ಗೀರಿನ ಹೆಜ್ಜೆ

ನಾನು ಕ್ಯಾಮೆರಾವನ್ನು ಕೂದಲೆಳೆಯಷ್ಟು ಮುಂದೆ ಸರಿಸುವ ಹಿತ್ತಾಳೆಯ ಹಳಿ. ಹುಬ್ಬಳ್ಳಿಯ ಇಸ್ಮಾಯಿಲ್ ಮಿಸ್ತ್ರಿ ನನ್ನನ್ನು ಲೇತಿನಲ್ಲಿ ಕಡೆದು, ತಿರುಪಿನ ಗುಂಡಿಯ ಸುತ್ತ ನೂರು ಗೀರು ಕೊರೆದ. "ಒಂದ್ ಸುತ್ತಿಗೆ ಒಂದ್ ಮಿಲಿಮೀಟರ್. ಒಂದ್ ಗೀರಿಗೆ ಅದರ ನೂರನೇ ಪಾಲು ನೋಡ್ರಿ, ಮೇಡಮ್ಮಾರ" ಎಂದು ಸುನಂದಾ ಹಂಚಿನಮನಿಯವರ ಕೈಗಿಟ್ಟ.

ಸುನಂದಾ ಧಾರವಾಡದಲ್ಲಿ ಎಳ್ಳುಕಾಳಿನಷ್ಟು ಪುಟ್ಟ ಕಣಜದ ಹುಳುಗಳನ್ನು ಅಧ್ಯಯನ ಮಾಡುವವರು. ಅಷ್ಟು ಹತ್ತಿರದ ಚಿತ್ರದಲ್ಲಿ ಮೂರು ಗೀರಿನಷ್ಟು ಆಳ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಹಾಗಾಗಿ ಎರಡೆರಡೇ ಗೀರು ಸರಿಸಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಅರವತ್ತು ಚಿತ್ರ ತೆಗೆದು, ಸ್ಪಷ್ಟ ಭಾಗಗಳನ್ನು ಕಂಪ್ಯೂಟರಿನಲ್ಲಿ ಕೂಡಿಸುತ್ತಿದ್ದರು. ಪ್ರತಿ ಹೆಜ್ಜೆಗೂ ಅವರ ಬೆರಳು ನನ್ನ ಮೇಲೆ. ಒಂಬತ್ತು ವರ್ಷ ನನಗೆ ಬೇರೇನೂ ಬೇಕೆನಿಸಲಿಲ್ಲ.

ಆಮೇಲೆ ಮೋಟಾರಿನ ಹಳಿ ಬಂತು. ನನ್ನ ಎರಡು ಗೀರಿನ ಲೆಕ್ಕವನ್ನೇ ಅದಕ್ಕೆ ತುಂಬಿದರು. ಅವರು ಚಹಾ ಕುಡಿದು ಬರುವಷ್ಟರಲ್ಲಿ ಅದು ಕೆಲಸ ಮುಗಿಸಿರುತ್ತಿತ್ತು. ಕಪಾಟಿನ ಗಾಜಿನ ಹಿಂದೆ ಕುಳಿತು ನಾನು ಹೊಟ್ಟೆ ಉರಿದುಕೊಂಡೆ. ಅದು ಕೆಟ್ಟು ನಿಲ್ಲಲಿ ಎಂದು ದಿನವೂ ಹಾರೈಸಿದೆ.

ಮುಂದಿನ ತಿಂಗಳು ಇನ್ನೂ ದೊಡ್ಡದಾಗಿ ತೋರಿಸುವ ಲೆನ್ಸು ಬಂತು. ಅದರಲ್ಲಿ ಒಂದು ಕಣಜದ ಬೆನ್ನ ಮೇಲೆ ನುಣುಪು ಪಟ್ಟಿಗಳು ಕಂಡವು. ಹೊಸ ಜಾತಿಯೇ ಎಂದು ಸುನಂದಾ ತೀರಿಹೋದ ತಾಯಿ ಕಲ್ಲವ್ವನ ಹೆಸರನ್ನು ಅದಕ್ಕಿಟ್ಟು ಲೇಖನ ಬರೆದರು. ಅದನ್ನು ಓದಿದ ಹಿರಿಯ ಸಹೋದ್ಯೋಗಿ ಮಠಪತಿ, "ಇವು ಖರೇನ ಪಟ್ಟಿ ಅದಾವೋ, ಚಿತ್ರದ ಮಸುಕೋ? ಕಳಸೂಕಿಂತ ಮುಂಚೆ ಇನ್ನೊಮ್ಮೆ ನೋಡವಾ" ಅಂದರು.

ತಪ್ಪು ಮೋಟಾರಿನದೇ ಇರಬಹುದೆಂದು ಸುನಂದಾ ಅದನ್ನು ಕಳಚಿ ನನ್ನನ್ನು ಹೂಡಿದರು. ನಾನು ಉಬ್ಬಿಹೋದೆ. ಎರಡು ಗೀರು ಸರಿಸಿದರೂ ಅವೇ ಪಟ್ಟಿಗಳು. ಒಂದೊಂದು ಗೀರಿಗೆ ತೆಳುವಾದವು. ಅರ್ಧ ಗೀರಿಗೆ ನನ್ನ ತಿರುಪು ಸಡಿಲಾಗಿ ಜಾರಿತು.

"ಲೆನ್ಸ್ ಬದಲಾಗೇದ, ನಾ ಹಳೇ ಲೆಕ್ಕಾನ ಇಟ್ಟೀನಿ" ಎಂದರು ಅವರು. ಹೊಸ ಲೆನ್ಸಿನಲ್ಲಿ ಸ್ಪಷ್ಟವಾಗುವ ಆಳ ಒಂದು ಗೀರಿಗಿಂತಲೂ ಕಡಿಮೆ. ಹೆಜ್ಜೆ ದೊಡ್ಡದಾಗಿ ನಡುವೆ ಬಿಟ್ಟುಹೋದ ಜಾಗವೇ ನುಣುಪಾಗಿ ಕಂಡಿತ್ತು.

ಮೋಟಾರು ಮತ್ತೆ ಬಂತು. ಅರ್ಧ ಗೀರಿಗಿಂತ ತುಸು ಹೆಚ್ಚಿನ ಹೆಜ್ಜೆಯಲ್ಲಿ ಇನ್ನೂರು ಚಿತ್ರ ತೆಗೆಯಿತು. ಬೆನ್ನ ತುಂಬ ಒರಟು ಗೆರೆಗಳು. ಅದು ಎಲ್ಲರಿಗೂ ಗೊತ್ತಿದ್ದ ಕಣಜವೇ. ಸುನಂದಾ ಲೇಖನ ತೆರೆದು ತಾಯಿಯ ಹೆಸರನ್ನು ಅಳಿಸಿದರು.

ಈಗ ನನಗೆ ಕಿಲುಬು ಹತ್ತಿದೆ. ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದರೆ ಸುಳ್ಳಾದೀತು. ಅಂದು ನನಗೆ ಬೇಕಿದ್ದದ್ದು ಮೋಟಾರಿನ ಸೋಲು. ಆ ಕಣಜದ ಬೆನ್ನು ನಿಜಕ್ಕೂ ಹೇಗಿದೆ ಎಂಬುದು ನನಗೆ ಬೇಕಿರಲಿಲ್ಲ. ಅವರಿಗೆ ಬೇಕಿತ್ತು, ತಾಯಿಯ ಹೆಸರು ಹೋದರೂ ಬೇಕಿತ್ತು.