ಮದುಮಗಳಿಗೆ ದಾರಿ

"ಚಟ್ಟ ಪಕ್ಕಕ್ಕೆ ತಗೊಳ್ರೋ, ಮದುಮಗಳು ಬರ್ತಿದ್ದಾಳೆ!"

ಹೆಣ ಹೊತ್ತವರು ಯಹೂದಿ ಓಣಿಯ ಗೋಡೆಗೆ ಒತ್ತಿ ನಿಂತರು. ದಿಬ್ಬಣ ಎದುರಾದರೆ ಹೆಣವೇ ದಾರಿ ಬಿಡಬೇಕು, ಅದು ನಮ್ಮವರ ಕಟ್ಟಳೆ. ಇವತ್ತು ಚಟ್ಟದ ಮೇಲೆ ಮಲಗಿ ದಾರಿ ಬಿಟ್ಟವನು ಪಿಟೀಲಿನ ಲೇಯ್ಜರ್. ಮೀಸೆ ಮೂಡಿದಾಗಿನಿಂದ ಇದೇ ಓಣಿಯಲ್ಲಿ ಮದುಮಕ್ಕಳ ಮುಂದೆ ನುಡಿಸುತ್ತ ನಡೆದವನು. ದೂರದ ಟಾರ್ನೊಪೋಲ್ ಪಟ್ಟಣದಿಂದಲೂ ಅವನಿಗೆ ಕರೆ ಬರುತ್ತಿತ್ತು. ಚಪ್ಪರದ ದಾರಿಯಲ್ಲಿ ಅವನ ರಾಗ ಕೇಳಿ ಅಳದ ಮದುಮಗಳಿಲ್ಲ. ಅಳದಿದ್ದರೆ ಬೀಗರಿಗೆ ಮದುವೆ ಆದ ಹಾಗೇ ಅನಿಸುತ್ತಿರಲಿಲ್ಲ.

"ಸತ್ತರೂ ಮದುವೆ ಬಿಡಲಿಲ್ವಲ್ಲೋ ಅಣ್ಣ," ಎಂದು ಅವನ ತಂಗಿ ಜ್ಲಾಟೆ ಮೂಗೊರೆಸಿಕೊಂಡಳು. ಸೂತಕದ ಗುರುತಿಗೆ ಕೊರಳಪಟ್ಟಿ ಹರಿದುಕೊಂಡಿದ್ದ ಲೇಯ್ಜರ್‌ನ ಮಗಳು ಫ್ರುಮೆ ಚಟ್ಟದ ಪಕ್ಕಕ್ಕೆ ಸರಿದಳು.

*

ವಾದ್ಯದವರ ಮಗಳು ವಾದ್ಯದವರ ಮನೆಗೇ ಹೋಗಬೇಕು. ವರ್ಷಗಳ ಹಿಂದೆ ಲೇಯ್ಜರ್ ಮಗಳನ್ನು ತನ್ನ ಶಿಷ್ಯ ಗೆಟ್ಸೆಲ್‌ಗೆ ಕೊಡುವುದಾಗಿ ಮಾತು ಕೊಟ್ಟಿದ್ದ. ಫ್ರುಮೆ ರೊಟ್ಟಿ ಸುಡುವವನೇ ಬೇಕೆಂದು ಹಟ ಹಿಡಿದಳು.

"ನೀನು ಬರದಿದ್ರೆ ಬೇಡ ಅಪ್ಪಾ. ಒಂದು ಪಿಟೀಲಾದ್ರೂ ಕಳ್ಸು."

"ಹಿಟ್ಟಿನ ಡಬ್ಬ ಬಡ್ಕೊಂಡು ಹೋಗು!"

ಗುರುವಿನ ಮಾತು ಮೀರಿ ಯಾರೂ ತಂತಿ ಮುಟ್ಟಲಿಲ್ಲ. ಚಪ್ಪರಕ್ಕೆ ನಡೆಯುವಾಗ ಫ್ರುಮೆಗೆ ಕೇಳಿದ್ದು ಕೆಸರಿನಲ್ಲಿ ಬೂಟುಗಳ ಸದ್ದು ಮಾತ್ರ.

ಮುದುಕ ಆಮೇಲೆ ಮೆತ್ತಗಾದ. ಅಳಿಯನ ಅಂಗಡಿಯಲ್ಲೇ ರೊಟ್ಟಿ ಕೊಳ್ಳುತ್ತಿದ್ದ, ಮೊಮ್ಮಕ್ಕಳನ್ನು ಕುಣಿಸುತ್ತಿದ್ದ. ಆ ಮದುವೆಯ ಮಾತು ಮಾತ್ರ ಎತ್ತಲಿಲ್ಲ. ನನಗೊಮ್ಮೆ ಮದುಮಗಳ ರಾಗ ನುಡಿಸಪ್ಪಾ ಎಂದು ಇವಳೂ ಕೇಳಲಿಲ್ಲ. ಕೇಳಬೇಕಿತ್ತು.

*

ಇವತ್ತಿನ ದಿಬ್ಬಣದ ಮುಂದಿದ್ದವನು ಗೆಟ್ಸೆಲ್. ಒಪ್ಪಿಕೊಂಡ ಮದುವೆ ಬಿಡುವಂತಿರಲಿಲ್ಲ. ಚಟ್ಟ ಕಂಡದ್ದೇ ಅವನ ಪಿಟೀಲಿನ ಕಮಾನು ಕೆಳಗಿಳಿಯಿತು. ಹಿಂದಿದ್ದ ವಾದ್ಯಗಳೂ ನಿಂತವು.

"ಇದೇನಪ್ಪಾ, ನನ್ನ ಮಗಳು ಹೀಗೇ ಹೋಗ್ಬೇಕಾ?" ಮದುಮಗಳ ತಾಯಿ ಗಾಬರಿಯಾದಳು.

"ಗುರುಗಳು ಮಲಗಿದ್ದಾರಮ್ಮಾ. ಇವತ್ತು ಕೈ ಏಳಲ್ಲ. ಹೀಗೇ ನಡೀರಿ."

ಮುಸುಕು ಹೊದ್ದ ಹುಡುಗಿ ಮುಂದಿನ ಹೆಜ್ಜೆ ಇಡಲಾರದೆ ತಡವರಿಸಿದಳು. ಫ್ರುಮೆಗೆ ತಡೆಯಲಾಗಲಿಲ್ಲ.

"ನುಡಿಸು ಗೆಟ್ಸೆಲ್."

"ಅವ್ರಿಗೆ ಮರ್ಯಾದೆ ಬೇಡ್ವಾ ಫ್ರುಮೆ?"

"ಅವ್ರ ದೆಸೆಯಿಂದ ಒಬ್ಬಳು ಹಾಗೆ ಹೋಗಿದ್ದು ಸಾಕು. ಅಪ್ಪನ ರಾಗಾನೇ ನುಡಿಸು."

ಜ್ಲಾಟೆ ಅವಳ ತೋಳು ಹಿಡಿದಳು. "ಅಯ್ಯೋ, ಹೆತ್ತಪ್ಪನ ಹೆಣ ಮುಂದಿದೆ, ನೀನು ವಾದ್ಯ ಕೇಳೋ ಹಾಗಿಲ್ಲ ಕಣೇ! ವರ್ಷ ತುಂಬಬೇಕು!"

"ಗೊತ್ತು ಅತ್ತೆ."

ಗೆಟ್ಸೆಲ್ ಪಿಟೀಲನ್ನು ಗದ್ದಕ್ಕೆ ಒತ್ತಿದ. ಫ್ರುಮೆ ಎರಡೂ ಅಂಗೈಗಳಿಂದ ಕಿವಿ ಬಿಗಿಯಾಗಿ ಮುಚ್ಚಿಕೊಂಡು ಚಟ್ಟದ ಪಕ್ಕ ನಿಂತಳು. ಕಮಾನು ಹೋಗಿ ಬರುವುದು ಕಾಣುತ್ತಿತ್ತು. ಮುಸುಕಿನೊಳಗೆ ಮದುಮಗಳ ಹೆಗಲು ಅಲುಗತೊಡಗಿತು.