ಸಮುವೇಲಪ್ಪನವರ ಎಡಗಿವಿ

ನಾನೊಂದು ಕಿವಿಯಂತ್ರ. ಅವರೆಕಾಯಿಯಷ್ಟು ಉದ್ದ, ಮೈಬಣ್ಣ ಗೋಧಿ. ದೂರದ ಕಾರ್ಖಾನೆಯಲ್ಲಿ ಯಾರೋ ಒಬ್ಬ ಹುಡುಗಿ ಭೂತಗನ್ನಡಿಯ ಕೆಳಗೆ ನನ್ನ ತಂತಿಗಳನ್ನು ಬೆಸೆದಳು. ಅವಳ ಮುಖ ನೆನಪಿಲ್ಲ, ಉಸಿರಿನ ಸದ್ದು ನೆನಪಿದೆ. ನಾನು ಕೇಳಿದ ಮೊದಲ ಸದ್ದು ಅದು.

ಗದಗಿನ ಅಂಗಡಿಯಲ್ಲಿ ನನ್ನನ್ನು ಕೊಂಡವರು ಬೆಟಗೇರಿಯ ಸಮುವೇಲಪ್ಪನವರು. ನೂಲಿನ ಗಿರಣಿಯಲ್ಲಿ ಮೇಸ್ತ್ರಿಯಾಗಿ ದುಡಿದು, ಯಂತ್ರಗಳ ಗದ್ದಲಕ್ಕೆ ಕಿವಿ ಕಳೆದುಕೊಂಡವರು. ಊರಿನ ಕ್ರೈಸ್ತ ದೇವಾಲಯದ ಸಭಾ ಹಿರಿಯರಲ್ಲಿ ಒಬ್ಬರು. ಭಾನುವಾರ ಅವರು ಪ್ರಾರ್ಥನೆಗೆ ನಿಂತರೆ ಅಳುವ ಮಗುವೂ ಸುಮ್ಮನಾಗುತ್ತದೆ ಎಂದು ಜನ ಹೇಳುತ್ತಿದ್ದರು. ಅಷ್ಟು ಮೆತ್ತನೆಯ ಮಾತು.

ನನ್ನನ್ನು ಎಡಗಿವಿಯ ಹಿಂದೆ ಸಿಕ್ಕಿಸಿಕೊಂಡೇ ಅವರು ಮನೆಗೆ ಬಂದರು. ಹೆಂಡತಿ ಸುವಾರ್ತಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು, ನನ್ನನ್ನು ಗಮನಿಸಲಿಲ್ಲ. ಸಮುವೇಲಪ್ಪನವರು ತಾಟಿನ ಮುಂದೆ ಕುಳಿತು ಕಣ್ಣು ಮುಚ್ಚಿದರು. "ಕರುಣೆಯುಳ್ಳ ತಂದೆಯೇ, ಈ ಅನ್ನಕ್ಕಾಗಿ, ಇದನ್ನು ಮಾಡಿದ ಕೈಗಳಿಗಾಗಿ ಸ್ತೋತ್ರ" ಎಂದರು. ಕಣ್ಣು ತೆರೆದು ಒಂದು ತುತ್ತು ಬಾಯಿಗಿಟ್ಟರು.

"ಏನ್ ಪಲ್ಯಾನ ಇದು? ಉಪ್ಪಿಲ್ಲ, ಖಾರಿಲ್ಲ! ಇಷ್ಟ್ ವರ್ಷಾತು, ಎಮ್ಮಿಗೆ ಕಲಿಸಿದ್ರೂ ಕಲೀತಿತ್ತು!"

ಆ ಕೂಗಿಗೆ ನಾನು ಕೀಂಯ್ ಎಂದು ಕಿರುಚಿದೆ. ಅವರೂ ಬೆಚ್ಚಿಬಿದ್ದರು. ಇಷ್ಟು ಒರಟಾಗಿ ಕೂಗಿದವರು ಯಾರೆಂದು ಬಾಗಿಲ ಕಡೆ ನೋಡಿದರು.

ಸುವಾರ್ತಮ್ಮ ತಿರುಗಲಿಲ್ಲ. ಗಂಡನಿಗೆ ಕೇಳುವುದಿಲ್ಲವೆಂದು ರೂಢಿಯಂತೆ ಹಿಟ್ಟಿಗೇ ಹೇಳುವವರ ಹಾಗೆ ಅಂದರು: "ನಿಮ್ಮ ಬಾಯಾಗ ದೇವರು ಉಣ್ಣೂಕಿಂತ ಮೊದಲಷ್ಟ ಇರ್ತಾನ."

ತುತ್ತು ಕೈಯಲ್ಲೇ ಉಳಿಯಿತು. "ಏನಂದಿ?"

ಸುವಾರ್ತಮ್ಮ ತಿರುಗಿದರು, ನನ್ನನ್ನು ಕಂಡರು. ಮುಖ ಬಿಳಿಚಿಕೊಂಡಿತು. "ಏನಿಲ್ರೀ" ಎಂದರು.

ಅಂದಿನಿಂದ ಆ ಮನೆ ಮೂಕವಾಯಿತು. ಸಮುವೇಲಪ್ಪನವರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ನನ್ನನ್ನು ಕಿತ್ತು ಮೇಜಿನ ಮೇಲಿಡುವರು, ಮತ್ತೆ ಹಾಕಿಕೊಳ್ಳುವರು. ಕೇಳಿಸದಿದ್ದಾಗ ಹೆಂಡತಿ ಏನನ್ನುತ್ತಾಳೋ ಎಂಬ ಅನುಮಾನ, ಕೇಳಿಸುವಾಗ ಅವಳು ಏನೂ ಅನ್ನುವುದಿಲ್ಲವೆಂಬ ಸಂಕಟ. ಬೆವರಿನಿಂದ ನಾನು ಒದ್ದೆಯಾಗುತ್ತಿದ್ದೆ.

ಭಾನುವಾರ ಸಭಾಪಾಲಕರು ಪ್ರಾರ್ಥನೆಗೆ ಕರೆದರು. ಇವರು ಎದ್ದುನಿಂತು "ಕರುಣೆಯುಳ್ಳ ತಂದೆಯೇ" ಎಂದರು. ಆ ಮೆತ್ತನೆಯ ದನಿ ನನ್ನ ಮೂಲಕ ಅವರಿಗೇ ಮರಳಿತು. ಕಿವಿಯ ಹಿಂದಿನ ನರ ಪಟಪಟ ಹೊಡೆದುಕೊಳ್ಳುವುದು ನನಗೆ ತಾಗುತ್ತಿತ್ತು. ಹೆಂಗಸರ ಸಾಲಿನಲ್ಲಿ ಸುವಾರ್ತಮ್ಮ ತಲೆ ತಗ್ಗಿಸಿ ಕುಳಿತಿದ್ದರು.

"ಇವತ್ತ ನನ್ನಿಂದ ಆಗೂದಿಲ್ರೀ ಅಯ್ನೋರ. ಬ್ಯಾರೆ ಯಾರರ ಮಾಡ್ಲಿ" ಎಂದು ಕುಳಿತುಬಿಟ್ಟರು.

ದಾರಿಯಲ್ಲಿ ಸುವಾರ್ತಮ್ಮ ಕೇಳಿದರು, "ಮೈಯಾಗ ಹುಷಾರಿಲ್ಲೇನು?"

"ಮೈಗೇನಾಗೇತಿ. ನನ್ನ ದನಿ ನನಗ ಕೇಳಬಾರದಾಗಿತ್ತು." ಸ್ವಲ್ಪ ದೂರ ನಡೆದರು. "ಅವತ್ತು ನೀ ಅಂದದ್ದು ಖರೇ ಐತಿ."

ಸುವಾರ್ತಮ್ಮ ಕೂಡಲೇ ಕರಗಲಿಲ್ಲ. "ಖರೇ ಅಂತ ನನಗೊತ್ತಿತ್ತು. ನಿಮಗ ಗೊತ್ತಾಗ್ಲಿ ಅಂತ ಎಷ್ಟ ವರ್ಷ ಹಿಟ್ಟಿನ ಮುಂದ ಅಂದೀನಿ" ಎಂದರು.

ಮರುದಿನ ಸಮುವೇಲಪ್ಪನವರು ಮೃದುವಾಗಿ ಮಾತಾಡಲು ಹೊರಟರು. ಆದರೆ ಮೆತ್ತನೆಯ ಮಾತು ಅವರಿಗೆ ಬರುತ್ತಿದ್ದುದು ದೇವಾಲಯದ ಭಾಷೆಯಲ್ಲಿ ಮಾತ್ರ. "ಪ್ರಿಯ ಸುವಾರ್ತಾ, ಚಹಾ ದಯಪಾಲಿಸುವಿಯಾ?" ಎಂದುಬಿಟ್ಟರು.

ಸುವಾರ್ತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ತಡೆಯಲಾಗಲಿಲ್ಲ. "ಚಾ ಕೊಡು ಅಂದ್ರ ಸಾಕ್ರೀ. ಒದರಬ್ಯಾಡ್ರಿ ಅಷ್ಟ."

ಸಮುವೇಲಪ್ಪನವರು ಹಾಗೆ ಕೂಗಿ ಒದರುವುದನ್ನು ಒಂದೇ ಸಲಕ್ಕೆ ಬಿಟ್ಟರೆಂದು ಹೇಳಲಾರೆ. ಸಿಟ್ಟು ಬರುತ್ತಿತ್ತು. ಬಂದಾಗ ಅವರ ಬೆರಳು ಸದ್ದು ಏರಿಸಿ ಇಳಿಸುವ ನನ್ನ ಪುಟ್ಟ ಗಾಲಿಯ ಮೇಲೆ ಹೋಗುತ್ತಿತ್ತು. ನನ್ನ ದನಿಯನ್ನು ಪೂರ್ತಿ ಏರಿಸಿಕೊಂಡು ಆಮೇಲೆ ಮಾತಾಡುತ್ತಿದ್ದರು. ಆಡುವ ಮಾತು ಮೊದಲು ತಮಗೇ ಬಡಿಯಲಿ ಎಂದು. ಕೆಲವು ಸಲ ಬಾಯಿ ತೆರೆದವರು ಸುಮ್ಮನೆ ಮುಚ್ಚುತ್ತಿದ್ದರು. ಸುವಾರ್ತಮ್ಮನವರೂ ಎದುರೆದುರೇ ಜಗಳವಾಡಲು ಕಲಿತರು, ಗೆಲ್ಲಲೂ ಕಲಿತರು. ಕೆಲವು ತಿಂಗಳುಗಳ ಮೇಲೆ ಸಮುವೇಲಪ್ಪನವರು ದೇವಾಲಯದಲ್ಲಿ ಮತ್ತೆ ಪ್ರಾರ್ಥನೆಗೆ ನಿಂತರು. ಮಾತು ಕಡಿಮೆಯಿತ್ತು, ತಡವರಿಕೆಯಿತ್ತು. ಮಗುವೊಂದು ಅಳುತ್ತಲೇ ಇತ್ತು, ಯಾರೂ ಬೇಸರಪಡಲಿಲ್ಲ.

ಅವರು ತೀರಿಕೊಂಡ ಮೇಲೆ ಸುವಾರ್ತಮ್ಮ ನನ್ನನ್ನು ನೆರೆಯ ರಾಹೇಲಮ್ಮನಿಗೆ ಕೊಟ್ಟರು. ಆಕೆ ನನ್ನನ್ನು ಹಾಡು ಕೇಳಲು ಮಾತ್ರ ಹಾಕಿಕೊಂಡರು. ಸೊಸೆ ಮಾತಾಡಲು ಬಂದರೆ ಕಿತ್ತಿಡುತ್ತಿದ್ದರು. ನನ್ನ ಗಾಲಿ ಸವೆದಾಗ ರಿಪೇರಿಗೆಂದು ಅಂಗಡಿಯಲ್ಲಿ ಬಿಟ್ಟವರು ತಿರುಗಿ ಬರಲಿಲ್ಲ.

ಈಗ ಅಂಗಡಿಯವನ ಮೇಜಿನ ಮೂಲೆಯಲ್ಲಿ ಸೆಲ್ಲಿಲ್ಲದೆ ಬಿದ್ದಿದ್ದೇನೆ. ಒಂದು ಸದ್ದೂ ಕೇಳಿಸದು. ಆದರೂ ಹೊಸ ಯಂತ್ರ ಹಾಕಿಸಿಕೊಂಡು ಮೊದಲ ಮಾತಾಡಿದವರ ಮುಖ ಕಾಣುತ್ತದೆ. ಕೆಲವರು ನಗುತ್ತಾರೆ. ಕೆಲವರು ತಮ್ಮ ದನಿಗೆ ತಾವೇ ಬೆಚ್ಚಿ, ಜೊತೆಗೆ ಬಂದವರ ಕಡೆ ಸರಕ್ಕನೆ ತಿರುಗುತ್ತಾರೆ. ಮನೆಗೆ ಹೋಗಿ ಅವರು ಏನು ಮಾತಾಡಿದರೋ ಎಂದು ನನಗೆ ಚಡಪಡಿಕೆ. ಯಾರೂ ಬಂದು ಹೇಳುವುದಿಲ್ಲ.